ನಡವಳಿ

ವಿಷಯ ಸಂಖ್ಯೆ ಹನ್ನೊಂದು.
ಬೀದಿದೀಪದ ಟೆಂಡರ್ ಮುಗಿದ ಮೇಲೆ,
ಹಂದಿ ಹಿಡಿದವರ ಬಾಕಿ ಬಿಲ್ಲಿಗೆ ಮೊದಲು.
ಬೋಂಡಾದ ತಟ್ಟೆ ಇನ್ನೂ ಎತ್ತಿರಲಿಲ್ಲ.

"ರೈಲ್ವೆ ಗೇಟಿನಾಚೆಯ ಪೌರಕಾರ್ಮಿಕರ ವಸತಿಗೃಹ
ನಲವತ್ತೆರಡನ್ನು, ನಿವೇಶನ ಸಮೇತ,
ಖಾಸಗಿ ಸಂಸ್ಥೆಗೆ ಹಸ್ತಾಂತರಿಸುವ ಬಗ್ಗೆ."

ಓದಿದವನು ನಾನೇ.
ಹತ್ತೊಂಬತ್ತು ವರ್ಷದಿಂದ ಅರಸೀಕೆರೆ ನಗರಸಭೆಯ
ಮಾತನ್ನೆಲ್ಲ ಮಸಿ ಮಾಡುವವನು.
ಮೇಜು ಕುಟ್ಟಿದ್ದನ್ನು 'ಚರ್ಚಿಸಲಾಯಿತು' ಎಂದು ಬರೆಯುತ್ತೇನೆ,
ಕೊರಳಪಟ್ಟಿ ಹಿಡಿದರೆ
'ಸುದೀರ್ಘವಾಗಿ' ಅಂತ ಸೇರಿಸುತ್ತೇನೆ.

ಓಬಳಮ್ಮ ಎದ್ದು ನಿಂತರು.
ಮೂರು ವರ್ಷದಲ್ಲಿ ಅವರು ಎದ್ದದ್ದು ಎರಡೇ ಸಲ,
ಒಮ್ಮೆ ನಲ್ಲಿ ನೀರಿಗೆ, ಒಮ್ಮೆ ರಾಷ್ಟ್ರಗೀತೆಗೆ.
ಅವರು ಬಾಯಿ ತೆರೆಯುವ ಮೊದಲೇ
ಮರುಳಸಿದ್ದಪ್ಪ ಪುಸ್ತಕ ತೆರೆದಿದ್ದರು:
"ಹಿತಾಸಕ್ತಿ ಇರುವ ಸದಸ್ಯರು
ಚರ್ಚೆಗೂ ಕೂರುವಂತಿಲ್ಲ, ಮತಕ್ಕೂ ಕೂರುವಂತಿಲ್ಲ, ಅಧ್ಯಕ್ಷರೇ.
ಈಯಮ್ಮ ಇರೋದು ಅಲ್ಲೇ, ಹದಿನೇಳನೇ ನಂಬರಿನ ಮನೆಯಲ್ಲಿ."

ನಿಜ. ಅಲ್ಲೇ ಇದ್ದಾರೆ.
ಆ ಮನೆಯ ಬಾಗಿಲಿಗೆ ಅವರ ಅತ್ತೆ
ಕಸದ ಗಾಡಿಯ ಹಳೇ ತಗಡು ಹೊಡೆಸಿದ್ದು,
ಬಚ್ಚಲಿಗೆ ಕಲ್ಲು ಹಾಸಿದ್ದು,
ಗೂಡ್ಸ್ ಹೋದಾಗಲೆಲ್ಲ ಪಾತ್ರೆ ಗಲಗುಟ್ಟದಿರಲೆಂದು
ಗೋಡೆಯ ಹಲಗೆಗೆ ಸೈಕಲ್ ಟ್ಯೂಬು ಬಿಗಿದದ್ದು
ಯಾವ ಆಸ್ತಿ ವಹಿಯಲ್ಲೂ ಇಲ್ಲ.

ಹಿಂಬದಿಯ ಲೇಔಟು ಯಾರದ್ದೆಂದೂ ಪುಸ್ತಕದಲ್ಲಿಲ್ಲ.
ಅದಿರುವುದು ಮರುಳಸಿದ್ದಪ್ಪನವರ
ಬಾಮೈದನ ಹೆಂಡತಿಯ ಹೆಸರಲ್ಲಿ.
ಬಾಮೈದನ ಹೆಂಡತಿ ಹಿತವಲ್ಲ, ಆಸಕ್ತಿಯೂ ಅಲ್ಲ,
ಬರೀ ನೆಂಟಸ್ತನ.

ಓಬಳಮ್ಮ ಹೊರಗೆ ಹೋದರು.
ಚಪ್ಪಲಿ ಬಾಗಿಲಾಚೆಯೇ ಇತ್ತು.
ಈ ಸಭಾಂಗಣಕ್ಕೆ ಚಪ್ಪಲಿ ಬಿಟ್ಟು ಬರುವುದು ಅವರೊಬ್ಬರೇ,
ಬೇಡಿ ಅಂತ ನಾನು ಒಮ್ಮೆಯೂ ಅಂದಿಲ್ಲ.

ಕೈ ಎತ್ತಿ, ಅಂದರು ಅಧ್ಯಕ್ಷರು.
ಎಣಿಸಿದೆ.
ಉಂಗುರದ ಕೈ, ಬ್ಯಾಂಡೇಜಿನ ಕೈ,
ಫೋನು ಹಿಡಿದೇ ಎತ್ತಿದ ಕೈ,
ಅರ್ಧ ಮೇಲೆ ಬಂದು ಪಕ್ಕದವರನ್ನು ನೋಡಿ
ತಲೆ ಕೆರೆದುಕೊಂಡ ಒಂದು ಕೈ.
ಅದನ್ನು ಯಾವ ಕಡೆ ಬರೆಯಲಿ?
ಎರಡು ಸಲ ಕೇಳಿದೆ. ಕೈಯ ಒಡೆಯರು ಸುಮ್ಮನಿದ್ದರು,
"ಪರ" ಅಂದರು ಇನ್ಯಾರೋ.

ಹದಿನೈದು. ಹದಿನಾಲ್ಕು.

ಹಸ್ತಾಂತರ.
ಹಸ್ತಕ್ಕೂ ಹಸ್ತಕ್ಕೂ ಇದ್ದ ಅಂತರ ಒಂದು.
ಆ ಒಂದು, ಗಾಜಿನಾಚೆ ಬೆಂಚಿನ ಮೇಲೆ ಕೂತು
ಎಲೆಗೆ ಸುಣ್ಣ ಹಚ್ಚುತ್ತಿತ್ತು.

ರಾತ್ರಿ ನಡವಳಿ ಬರೆದೆ.
'ಹಸ್ತಾಂತರಿಸಲು ತೀರ್ಮಾನಿಸಲಾಯಿತು.'
ಒಳ್ಳೆಯ ಅನುಕೂಲ ಈ 'ಲಾಯಿತು'.
ಕರೆಂಟು ಹೋಯಿತು, ಹಾಲು ಒಡೆಯಿತು ಅನ್ನುವ ಹಾಗೆ;
ಯಾರು ಅಂತ ಯಾರೂ ಕೇಳುವುದಿಲ್ಲ.
ಕರ್ತೃವಿಲ್ಲದ ಒಂದು ವಾಕ್ಯದಲ್ಲಿ
ನಲವತ್ತೆರಡು ಮನೆ ಹಿಡಿಸುತ್ತವೆ,
ಇನ್ನೂ ಜಾಗ ಉಳಿಯುತ್ತದೆ.

ಬೆಳಿಗ್ಗೆ ಹತ್ತಕ್ಕೆ ಓಬಳಮ್ಮ ಬಂದರು.
"ನನ್ನ ಹೆಸರು ಎಲ್ಲೈತೆ, ಓದಿ ಸಾಮಿ."
ಓದಿದೆ: 'ಶ್ರೀಮತಿ ಓಬಳಮ್ಮನವರು ಸಭೆಯಿಂದ ಹೊರನಡೆದರು.'
"ನಡೀಲಿಲ್ಲ. ಕಳಿಸಿದ್ರು."
ಹೌದಲ್ಲ. ಹೊಡೆದುಹಾಕಿ ಬರೆದೆ:
'ಹೊರಗೆ ಕಳುಹಿಸಲಾಯಿತು.'
ಮತ್ತೆ ಓದಿಸಿದರು. ನಿಧಾನಕ್ಕೆ ಕೇಳಿಸಿಕೊಂಡರು.
"ಯಾರು ಅನ್ನೋದು ಇದ್ರಾಗೆ ಬರಾಕಿಲ್ವಾ?"

ಶಿವಮೊಗ್ಗದ ಗಾಡಿ ಕೂಗಿತು.
ಗೇಟಿನಾಚೆ ನಲವತ್ತೆರಡು ಮನೆಗಳ ಪಾತ್ರೆ
ಈಗ ಅಲುಗಿರಬೇಕು, ಒಂದರದ್ದು ಬಿಟ್ಟು.

ಅಂಚಿನಲ್ಲಿ ಒಂದು ಹೆಸರು ಬರೆದೆ,
ಪೆನ್ಸಿಲಿನಲ್ಲಿ.
ಹನ್ನೊಂದಕ್ಕೆ ಕಡತ ಸಹಿಗೆ ಹೋಗುತ್ತದೆ.
ರಬ್ಬರು ಇರುವುದು
ಮುಖ್ಯಾಧಿಕಾರಿಗಳ ಮೇಜಿನಲ್ಲಿ.